ಕೆಮ್ಮುವ ರಿಂಗ್‌ಟೋನ್

ಕಂತು ಏಳು

"ಹಗ್ಗ ಕತ್ತರಿಸಿಲ್ಲ, ಬಿಚ್ಚಿದಾರೆ. ಬಿಚ್ಚಿದ್ಮೇಲೆ ಸುರುಳಿ ಸುತ್ತಿ ಗೂಟಕ್ಕೆ ನೇತುಹಾಕಿದಾರೆ," ಎಂದ ಇನ್‌ಸ್ಪೆಕ್ಟರ್ ಯೊರೊ ಸಿದಿಬೆ, ಮಂಡಿಯೂರಿ ಗೂಟವನ್ನು ಮೂಸುತ್ತ. "ಕಳ್ಳ ಅಚ್ಚುಕಟ್ಟಿನ ಮನುಷ್ಯ. ಮನೇಲಿ ಒಳ್ಳೆ ಹೆಂಡ್ತಿ ಇರ್ಬೇಕು."

ಅಷ್ಟರಲ್ಲಿ ಅವನ ಷರ್ಟಿನ ಜೇಬು "ಅಂಬಾ..." ಎಂದು ಕೂಗಿತು.

ಅಂಗಳದಲ್ಲಿದ್ದವರೆಲ್ಲ ಜೇಬಿನ ಕಡೆ ನೋಡಿದರು. ಕರು ಕಳೆದುಕೊಂಡ ಹಸುವಿನ ಕೂಗು. ಸಿದಿಬೆ ತಡಬಡಾಯಿಸಿ ಫೋನ್ ತೆಗೆದ.

"ಹೌದು ಸಾರ್. ಇನ್ನೂ ಸಿಕ್ಕಿಲ್ಲ ಸಾರ್. ಹಸು ಅಲ್ಲ ಸಾರ್, ಟಗರು. ಇಲ್ಲ ಸಾರ್... ಆ ಸದ್ದು ನನ್ನದು ಸಾರ್."

ಮಸ್ಸರಾನ್ ಬಲ್ಲೊ ಗೋಡೆ ನೋಡುತ್ತ ನಿಂತಳು. ಬಮಾಕೊದ ಮೆದಿನಾಕುರಾ ಸಂತೆಯಲ್ಲಿ ಮಾವಿನ ಮರದಡಿ ಮೇಜು ಹಾಕಿಕೊಂಡು, ಜನರ ಫೋನುಗಳಿಗೆ ಹಾಡು, ರಿಂಗ್‌ಟೋನ್ ತುಂಬಿಸಿಕೊಡುವವಳು ಅವಳು. ಇನ್‌ಸ್ಪೆಕ್ಟರನ ಫೋನಿನೊಳಗೆ ಹಸುವನ್ನು ಕಟ್ಟಿದವಳೂ ಅವಳೇ. "ಏನಾದ್ರೂ ಗಂಭೀರವಾದದ್ದು ಹಾಕು" ಎಂದಿದ್ದ. ಹಸುವಿಗಿಂತ ಗಂಭೀರವಾದದ್ದು ಅವಳಿಗೆ ಹೊಳೆಯಲಿಲ್ಲ.

ಬೇರೆ ಯಾರೇ ಹಾಗೆ ಮಾಡಿದ್ದರೂ ಲಾಕಪ್ಪಿನಲ್ಲಿರುತ್ತಿದ್ದರು. ಆದರೆ ಸಿದಿಬೆಗಳು ದನ ಕಾಯುವ ಕುಲ, ಬಲ್ಲೊಗಳು ಕಮ್ಮಾರರು. ಈ ಎರಡು ಕುಲದವರು ಎದುರು ಸಿಕ್ಕರೆ ಒಬ್ಬರನ್ನೊಬ್ಬರು ಹಂಗಿಸಲೇಬೇಕು, ಸಿಟ್ಟಾಗುವಂತಿಲ್ಲ. ಒಬ್ಬರು ಬೇಡಿದರೆ ಇನ್ನೊಬ್ಬರು ಇಲ್ಲ ಎನ್ನುವಂತಿಲ್ಲ. ಮುತ್ತಜ್ಜಂದಿರು ಹಾಕಿಕೊಟ್ಟ ಕಟ್ಟಳೆ. ಆರೋಪಿಯೇ ಇಂಥ ನೆಂಟಳಾದರೆ ಏನು ಮಾಡಬೇಕೆಂದು ಪೊಲೀಸ್ ಕೈಪಿಡಿಯಲ್ಲಿ ಬರೆದಿಲ್ಲ.

"ನಗ್ತಿದೀಯೇನೇ, ತಿದಿ ಊದೋಳೇ?"

"ನಾನ್ಯಾಕೆ ನಗ್ಲಿ, ದನ ಕಾಯೋನೇ? ನಿಮ್ಮನೆಯೋರು ಕರೀತಿದ್ರು, ನೀನು ಮಾತಾಡಿದೆ."

"ಈ ಹಸು ತೆಗೆದುಹಾಕು ಅಂತ ಮೂರು ದಿನದಿಂದ ಬಡ್ಕೋತಿದೀನಿ."

"ತೆಗೀತೀನಿ. ಅದಕ್ಕೆ ನನ್ನ ಲ್ಯಾಪ್‌ಟಾಪ್ ಬೇಕು. ಅದನ್ನ ನಿನ್ನೆ ಸಾಯಂಕಾಲ ಜಪ್ತಿ ಮಾಡ್ಕೊಂಡು ಹೋದ ಮಹಾಪುರುಷ ಯಾರು?"

ಮಹಾಪುರುಷ ಮೀಸೆ ತಡವಿಕೊಂಡ.

"ನಿಮ್ಮ ನೆಂಟಸ್ತನ ಮುಗೀತಾ?" ಎಂದರು ಹಾಜಿ ಮಾದಿ ಕನೂತೆ. ಅಂಗಳ ಅವರದು. ಸಿಮೆಂಟಿನ ವ್ಯಾಪಾರ ಅವರದು. ಸಂತೆಯ ಸಂಘಕ್ಕೂ ಅವರೇ ಅಧ್ಯಕ್ಷರು. "ನನ್ನ ಜನರಲ್ ಹೋಗಿ ಒಂದು ದಿನ ಆಯ್ತು. ಭಾನುವಾರ ತಬಾಸ್ಕಿ, ಕುರ್ಬಾನಿಯ ಹಬ್ಬ. ಇಡೀ ಬೀದಿ ಸೇರಿ ನಿಂತಾಗ ನಾನೇನು ಕೋಳಿ ಕೊಯ್ಲಾ?"

ಜನರಲ್ ಎಂದರೆ ಟಗರು. ಎರಡು ವರ್ಷ ಬೂಸ, ಅಲಸಂದೆ ಸೊಪ್ಪು ತಿಂದು ಹಾಜಿಯವರ ಎದೆಯೆತ್ತರ ಬೆಳೆದ ಬಿಳಿ ಟಗರು. ಒಂದು ಕಣ್ಣಿನ ಸುತ್ತ ಕಪ್ಪು ಉಂಗುರ. ಹಾಜಿಯವರನ್ನು ಬಿಟ್ಟರೆ ಯಾರನ್ನೂ ಹತ್ತಿರ ಸೇರಿಸದು. ಹತ್ತಿರ ಹೋದವರ ಗತಿ ಏನಾಗುತ್ತದೆಂದು ತಿಳಿಯಲು ಹಾಜಿಯವರ ತಮ್ಮ ಲಸಿನೆಯನ್ನು ನೋಡಿದರೆ ಸಾಕಿತ್ತು. ಅವನು ಪಟ್ಟಿ ಸುತ್ತಿದ ಮಂಡಿಯನ್ನು ಚಾಚಿಕೊಂಡು ಜಗಲಿಯ ಮೇಲೆ ಕೂತಿದ್ದ.

"ಹೋದ ವಾರ ನೀರಿಡೋಕೆ ಹೋದೆ, ಅಷ್ಟೆ," ಎಂದ ಲಸಿನೆ ನಗುತ್ತ. "ಒಂದೇ ಗುದ್ದಿಗೆ ಮಂಡೀನೂ ಹೋಯ್ತು, ಜೇಬಲ್ಲಿದ್ದ ಫೋನೂ ಹೋಯ್ತು. ಈಗ ಮಸೀದೀಲಿ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ನಮಾಜು ಮಾಡೋ ಹಾಗಾಗಿದೆ, ಮುದುಕರ ಥರ."

ಇಂಥ ಟಗರು ನಿನ್ನೆ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ, ಬೀದಿಯ ಗಂಡಸರೆಲ್ಲ ಮಸೀದಿಯಲ್ಲಿದ್ದಾಗ, ಅರಚದೆ, ಒದೆಯದೆ, ತಾನಾಗಿ ನಡೆದು ಹೋಗಿತ್ತು. ಅಂಗಳದ ಮಣ್ಣಿನಲ್ಲಿ ಗೊರಸಿನ ಗುರುತು ಸಮನಾಗಿ, ಸಾಲಾಗಿ, ಬಾಗಿಲ ತನಕ ಮೂಡಿತ್ತು. ಎಳೆದ ಗೆರೆ ಒಂದೂ ಇಲ್ಲ.

"ಅದ್ಹೇಗೆ ಹೋಯ್ತು ಅಂತ ನನಗೆ ಗೊತ್ತು," ಎಂದರು ಹಾಜಿ. "ದಿನಾ ಐದು ಗಂಟೆಗೆ ನನ್ನ ಫೋನ್‌ನಲ್ಲಿ ನನ್ನ ವಂಶದ ಹಾಡು ಹೊಡೆಯತ್ತೆ. ಹೊಡೆದ ತಕ್ಷಣ ನಾನು ಬುಟ್ಟಿ ತರ್ತೀನಿ. ಈಗ ಹಾಡು ಕೇಳಿದ್ರೆ ಸಾಕು, ಜನರಲ್ ಸಿಪಾಯಿ ಥರ ಹಿಂದೆ ಬರ್ತಾನೆ. ಯಾರೋ ಆ ಹಾಡು ಹಾಕ್ಕೊಂಡು ಮುಂದೆ ನಡೆದಿದಾರೆ. ಆ ಹಾಡಿರೋದು ಎರಡೇ ಕಡೆ. ಒಂದು ನನ್ನ ಫೋನು, ಅದು ನನ್ನ ಜೊತೆ ಮಸೀದೀಲಿತ್ತು. ಇನ್ನೊಂದು ಈ ಹುಡುಗಿಯ ಲ್ಯಾಪ್‌ಟಾಪು."

"ನಾನು ಯಾರಿಗೂ ಕೊಟ್ಟಿಲ್ಲ ಹಾಜಿಯವರೇ. ಒಬ್ಬರ ವಂಶದ ಹಾಡನ್ನ ಇನ್ನೊಬ್ಬರಿಗೆ ಹಾಕ್ಕೊಟ್ರೆ ನನ್ನ ಹತ್ರ ಯಾರು ಬರ್ತಾರೆ?"

"ನಾಳೆ ಜುಮ್ಮಾ ನಮಾಜಿನೊಳಗೆ ಜನರಲ್ ಇಲ್ಲಿರ್ಬೇಕು. ಇಲ್ದಿದ್ರೆ ಆ ಮಾವಿನ ಮರದ ಕೆಳಗೆ ನಿನ್ನ ಮೇಜಿರಲ್ಲ. ಮಾತು ಮುಗೀತು."

"ಅಣ್ಣ," ಎಂದ ಲಸಿನೆ ಮೆಲ್ಲಗೆ. "ಗಂಡ ಸತ್ತ ಹೆಣ್ಣು. ಸ್ವಲ್ಪ ನೋಡ್ಕೊಂಡು ಮಾತಾಡು."

ಮಸ್ಸರಾನ್ ಅವನ ಕಡೆ ನೋಡಿ ತಲೆಬಾಗಿಸಿದಳು. ಲಸಿನೆ ಯಾವಾಗಲೂ ಹೀಗೆ.

*

ಆ ಮೇಜನ್ನು ಮಾಡಿಕೊಟ್ಟವನು ಅವಳ ಗಂಡ ಸೆಕುಬಾ. ಲಾರಿಯ ಹಳೆ ಹಲಗೆಗಳನ್ನು ಕೂಡಿಸಿ ಮೊಳೆ ಹೊಡೆದಿದ್ದ. ಒಂದು ಕಾಲು ಗಿಡ್ಡ. ಅದರಡಿಗೆ ಇಟ್ಟ ಚಪ್ಪಟೆ ಕಲ್ಲೂ ಅವನದೇ ಆಯ್ಕೆ.

ಆ ಮೇಜಿನ ಮುಂದೆ ಕೂತರೆ ಊರಿನ ಗುಟ್ಟೆಲ್ಲ ಕಿವಿಗೆ ಬೀಳುತ್ತಿತ್ತು. ಒಬ್ಬಳು ಒಂದು ಗಂಟೆ ಕೂತು ನಲವತ್ತು ರಿಂಗ್‌ಟೋನ್ ಕೇಳಿ ಕಡೆಗೆ ಮೊದಲನೆಯದನ್ನೇ ಒಯ್ಯುವಳು. ಬಾಂಗು ಕೂಗುವ ಮುದುಕ ಕೋಳಿಯ ಕೂಗು ಬೇಕೆನ್ನುವನು. ಯಾರು ಕರೆದರೆ ಯಾವ ಸದ್ದು ಬರಬೇಕೆಂದು ಬೇರೆ ಬೇರೆ ಹಾಕಿಸಿಕೊಳ್ಳುವವರೇ ಹೆಚ್ಚು: ಗೆಳೆಯರಿಗೆ ಡೋಲು, ಮೇಲಧಿಕಾರಿಗೆ ಕತ್ತೆ, ಅತ್ತೆಗೆ ಆಂಬ್ಯುಲೆನ್ಸು. ಹೊಸ ಮದುಮಗ ಹೆಂಡತಿಯ ನಂಬರಿಗೆ ಪ್ರೇಮಗೀತೆ ಹಾಕಿಸಿಕೊಂಡು ಹೋಗಿ ಮೂರು ತಿಂಗಳಿಗೆ ಬಂದು ಅದನ್ನು ಬದಲಿಸುವನು.

ಸೆಕುಬಾ ಅವಳ ನಂಬರಿಗೆ ತನ್ನದೇ ದನಿ ಹಾಕಿಕೊಂಡಿದ್ದ. "ಎಲ್ರೂ ಸುಮ್ನಿರಿ! ಮಸ್ಸಾ ಫೋನ್ ಮಾಡ್ತಿದಾಳೆ! ಬೇಗ ಎತ್ತಿ, ಇಲ್ದಿದ್ರೆ ಇವತ್ತು ಊಟ ಇಲ್ಲ!" ಅವಳು ಕರೆದಾಗಲೆಲ್ಲ ಲಾರಿಯಲ್ಲಿ ಹಮಾಲರು ನಗುತ್ತಿದ್ದರಂತೆ. ತೆಗೆದುಹಾಕು ಎಂದು ಅವಳು ಎಷ್ಟೋ ಸಲ ಜಗಳವಾಡಿದ್ದಳು. ಅವಳನ್ನು ಮಸ್ಸಾ ಎಂದು ಕರೆಯುತ್ತಿದ್ದವನು ಅವನೊಬ್ಬನೇ.

ಹದಿನಾಲ್ಕು ತಿಂಗಳ ಹಿಂದೆ ಸೆಕುಬಾ ಇದ್ದ ಹಾಜಿಯವರ ಸಿಮೆಂಟ್ ಲಾರಿ ಬನಿ ನದಿಯ ಸೇತುವೆಯಿಂದ ಕೆಳಕ್ಕೆ ಬಿತ್ತು. ಸೆಕುಬಾ ಹೆಣವಾಗಿ ಸಿಕ್ಕಿದ. ಅವನ ಫೋನ್ ಸಿಗಲಿಲ್ಲ. ಸುದ್ದಿ ತಂದವನು ಲಸಿನೆ. ಅಕ್ಕಿ ಮೂಟೆ ತಂದವನೂ ಅವನೇ.

ಊರಿಗೆಲ್ಲ ರಿಂಗ್‌ಟೋನ್ ತುಂಬುವವಳ ಫೋನು ಅಂದಿನಿಂದ ಸದ್ದು ಮಾಡಿಲ್ಲ. ಬರೀ ಗುರ್ರ್ ಎಂದು ನಡುಗುತ್ತದೆ. ಗಿರಾಕಿಗಳು ತಮಾಷೆ ಮಾಡಿದರೆ, "ಅಡಿಗೆಯವಳಿಗೆ ಹಸಿವಿಲ್ಲ," ಎಂದುಬಿಡುತ್ತಾಳೆ.

*

ಬೀದಿಯ ಮೂಲೆಯಲ್ಲಿ ಅಲಸಂದೆ ವಡೆ ಕರಿಯುವ ಮುದುಕಿ ಕೊರೊತುಮು ನಿನ್ನೆ ಆ ಹೊತ್ತಿನಲ್ಲಿ ಅಲ್ಲೇ ಕೂತಿದ್ದಳು. ಸಿದಿಬೆ ಅವಳನ್ನು ಅಂಗಳಕ್ಕೆ ಕರೆಸಿದ. ಬಾಣಲೆ ಇಳಿಸಿ ಬಂದ ಸಿಟ್ಟು ಅವಳ ಮುಖದಲ್ಲೇ ಇತ್ತು.

"ಟಗರು ಹೋಗಿದ್ದು ನೋಡಿದೆಯಾ ಅಜ್ಜಿ?"

"ನಾನು ಎಣ್ಣೆ ನೋಡ್ತೀನಪ್ಪ. ಬೀದಿ ನೋಡಿದ್ರೆ ವಡೆ ಸೀಯತ್ತೆ."

"ಏನಾದ್ರೂ ಕೇಳಿಸ್ತಾ?"

"ಹಾಜಿಯವರ ಹಾಡು ಕೇಳಿಸ್ತು. ಬೆನ್ನ ಹಿಂದೆ ಹೋಯ್ತು. ತಿರುಗಿ ನೋಡದೇನೆ, 'ಹಾಜಿಯವರೇ, ದೇವರು ನಿಮಗೆ ಆಯಸ್ಸು ಕೊಡ್ಲಿ' ಅಂದೆ. ಉತ್ತರ ಬರ್ಲಿಲ್ಲ. ಹಾಜಿಯವರು ಯಾವತ್ತೂ ಉತ್ತರ ಕೊಡಲ್ಲ, ಹಾಗಾಗಿ ಅವರೇ ಅಂದ್ಕೊಂಡೆ."

ಲಸಿನೆ ನಗು ತಡೆಯಲು ಮಂಡಿ ಹಿಡಿದುಕೊಂಡ. ಹಾಜಿಯವರು ಆಕಾಶ ನೋಡಿದರು.

"ನಿನ್ನೆ ಅವರಿಗೆ ಮೈ ಸರಿ ಇರ್ಲಿಲ್ಲ ಅನ್ಸತ್ತೆ," ಎಂದು ಮುದುಕಿ ಎದ್ದಳು. "ಹಾಡಿನ ಮಧ್ಯೆ ಕೆಮ್ಮಿದ್ರು."

ಮಸ್ಸರಾನಳ ಕೈ ತಲೆವಸ್ತ್ರದ ಗಂಟಿನ ಮೇಲೆಯೇ ನಿಂತಿತು.

"ನಾನು ಮಸೀದೀಲಿದ್ದೆ ಮುದುಕಿ! ನಾನ್ಹೇಗೆ ಕೆಮ್ಲಿ?"

"ಹಾಗಾದ್ರೆ ಹಾಡೇ ಕೆಮ್ತು. 'ಬಾಗಿಲಿಗೆ ಬಂದವರನ್ನ ಬರಿಗೈಲಿ... ಖೊಕ್ ಖೊಕ್... ಕಳಿಸದ ಕನೂತೆ.' ಹೀಗೆ."

"ಎಲ್ಲಿ ಕೆಮ್ತು? ಇನ್ನೊಂದ್ಸಲ ಹೇಳಜ್ಜಿ," ಎಂದಳು ಮಸ್ಸರಾನ್. ದನಿ ಅವಳಿಗೇ ದೂರದಿಂದ ಕೇಳಿದಂತಾಯಿತು.

"ಬರಿಗೈ ಆದ್ಮೇಲೆ. ಕಳಿಸದ ಅನ್ನೋಕ್ಮುಂಚೆ. ಎರಡು ಸಲ."

ಮಸ್ಸರಾನ್ ಇನ್‌ಸ್ಪೆಕ್ಟರನ ಕಡೆ ತಿರುಗಿದಳು.

"ಏ ದನ ಕಾಯೋನೇ. ಬಲ್ಲೊ ಕೇಳ್ತಿದಾಳೆ, ಸಿದಿಬೆ ಇಲ್ಲ ಅನ್ನೋ ಹಾಗಿಲ್ಲ. ನನ್ನ ಲ್ಯಾಪ್‌ಟಾಪ್ ತರ್ಸು."

"ಅದು ಸಾಕ್ಷ್ಯ ಕಣೆ!"

"ಸಾಕ್ಷಿ ಹೇಳ್ಸು ಅಂತಾನೆ ನಾನೂ ಹೇಳ್ತಿರೋದು."

ಸಿದಿಬೆ ನಿಟ್ಟುಸಿರು ಬಿಟ್ಟ. ಅದು ಜೀಪಿನಲ್ಲೇ ಇತ್ತು. ಠಾಣೆಯಲ್ಲಿ ಬಿಟ್ಟರೆ ಪೇದೆಗಳು ಹಾಡು ತುಂಬಿಸಿಕೊಂಡು ಸಾಕ್ಷ್ಯ ಸವೆಸಿಬಿಡುತ್ತಾರೆಂದು ತನ್ನ ಜೊತೆಗೇ ತಿರುಗಾಡಿಸುತ್ತಿದ್ದ.

ನಲವತ್ತು ಸಾವಿರ ಹಾಡುಗಳ ನಡುವೆ ಹಾಜಿಯವರ ಹಾಡನ್ನು ಅವಳು ಮೂರು ಒತ್ತಿಗೆ ತೆಗೆದಳು. ಹೆಂಗಸಿನ ತುಂಬುಗಂಟಲು ಅಂಗಳ ತುಂಬಿತು: "ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸದ ಕನೂತೆ!"

ಕೆಮ್ಮು ಇರಲಿಲ್ಲ. ಹಾಜಿಯವರು ತಮ್ಮ ಫೋನನ್ನೂ ಹಾಡಿಸಿದರು. ಅದರಲ್ಲೂ ಇಲ್ಲ.

"ಇದಲ್ಲ," ಎಂದಳು ಕೊರೊತುಮು. "ಇದಕ್ಕೆ ಆರೋಗ್ಯ ಚೆನ್ನಾಗಿದೆ."

"ಅಂದ್ರೆ ನಿನ್ನೆ ಬೀದೀಲಿ ಹೋದ ಹಾಡು ಇವಳ ಲ್ಯಾಪ್‌ಟಾಪ್‌ನದ್ದಲ್ಲ," ಎಂದ ಸಿದಿಬೆ. ಅವನ ಮುಖ ಬೆಳಗಿತು. ಅವನಿಗೆ ಸಿದ್ಧಾಂತ ಹುಟ್ಟಿದಾಗಲೆಲ್ಲ ಹೀಗೆ ಬೆಳಗುತ್ತಿತ್ತು; ಠಾಣೆಯವರೆಲ್ಲ ಆಗ ದೂರ ಸರಿಯುತ್ತಿದ್ದರು. "ಯಾವ ಫೋನಿನದ್ದೂ ಅಲ್ಲ! ಹಾಡಿದ್ದು ಒಬ್ಬ ಹೆಂಗಸು. ನಡೀತಾ ನಡೀತಾ ಹಾಡಿದಾಳೆ, ಮಧ್ಯೆ ಕೆಮ್ಮು ಬಂದಿದೆ. ಹಾಜಿಯವರೇ, ಈ ಹಾಡು ಮೊದಲು ಹಾಡಿದ್ದು ಯಾರು?"

"ನಾಮಿನಾ ತುಂಕಾರಾ. ನನ್ನ ಮಗಳ ಮದುವೇಲಿ."

"ಕರೆಸಿ."

ಕರೆಸಬೇಕಾಗಿರಲಿಲ್ಲ. ವಂಶದ ಹಾಡು ಹಾಡುವ ಜೆಲಿಗಳಿಗೆ ಜನ ಸೇರಿದ ಜಾಗ ಇರುವೆಗೆ ಬೆಲ್ಲ ತಿಳಿದಂತೆ ತಿಳಿಯುತ್ತದೆ. ಬಾಗಿಲಲ್ಲಿ ನೀಲಿ ರೇಷ್ಮೆಯ ಗುಡಾರವೊಂದು ಕಾಣಿಸಿತು. ಗುಡಾರದ ತುದಿಯಲ್ಲಿ ನಾಮಿನಾಳ ಮುಖವಿತ್ತು.

*

"ನಾಮಿನಾ ತುಂಕಾರಾ," ಎಂದ ಸಿದಿಬೆ, ಪೆನ್ನು ಪುಸ್ತಕ ಹಿಡಿದು, ಬೂಟು ಜೋಡಿಸಿ ನಿಂತು. "ನಿನ್ನೆ ಅಸರ್ ಹೊತ್ತಿಗೆ ಎಲ್ಲಿದ್ರಿ?"

ನಾಮಿನಾ ಕೈ ಚಾಚಿದಳು. "ಸಿದಿಬೆ! ಹೊಳೆಯ ನೀರಿಗಿಂತ ಹೆಚ್ಚು ಹಾಲು ಕಂಡ ಸಿದಿಬೆ! ನಿನ್ನ ಮುತ್ತಜ್ಜ ಕೋಲೂರಿ ನಿಂತರೆ ಸಾವಿರ ಹಸು ಅಲ್ಲೇ ನಿಲ್ಲುತ್ತಿದ್ದವು, ಸಿದಿಬೆ!"

ಸಿದಿಬೆಯ ಎದೆ ಅವನ ಅಪ್ಪಣೆಯಿಲ್ಲದೆ ಉಬ್ಬಿತು. ಹೊಗಳಿಸಿಕೊಂಡು ಸುಮ್ಮನೆ ನಿಲ್ಲುವವನು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಎಡಗೈ ಜೇಬಿಗೆ ಹೋಗಿ ನೋಟು ತಂದು ಅವಳ ಕೈಯಲ್ಲಿಟ್ಟಿತು.

"ಎಲ್ಲಿದ್ರಿ ಅಂತ ಕೇಳ್ದೆ."

"ಆ ಮುತ್ತಜ್ಜನ ಮಗ ಯಾರು? ಬರಗಾಲದಲ್ಲಿ ಊರಿಗೆಲ್ಲ ಮೊಸರು ಬಡಿಸಿದ ಧೀರ, ಸಿದಿಬೆ!"

ಇನ್ನೊಂದು ನೋಟು ಹೋಯಿತು. ಕಣ್ಣಂಚಿನಲ್ಲಿ ನೀರು ಬಂದಿದ್ದು ಮೊಸರಿನ ನೆನಪಿಗೋ, ನೋಟಿನ ನೆನಪಿಗೋ ಗೊತ್ತಾಗಲಿಲ್ಲ.

"ಅಮ್ಮಾ, ಇದು ತನಿಖೆ. ನೀವು ಟಗರನ್ನ..."

"ಮೊಸರು ಬಡಿಸಿದವನ ಮೊಮ್ಮಗ ಯಾರು?"

ಜೇಬಿನಲ್ಲಿ ಏನೂ ಉಳಿದಿರಲಿಲ್ಲ. ಸಿದಿಬೆ ಪೆನ್ನು ಕೊಟ್ಟುಬಿಟ್ಟ. ಆಮೇಲೆ ಬರೆದುಕೊಳ್ಳಲು ಹೋಗಿ ಖಾಲಿ ಬೆರಳು ನೋಡಿಕೊಂಡ.

"ಸಾಕು ಮಾಡಿ ಅಮ್ಮ," ಎಂದಳು ಮಸ್ಸರಾನ್. "ಅವನ ಹತ್ರ ಈಗ ಬೂಟು ಬಿಟ್ರೆ ಏನಿಲ್ಲ."

ನಾಮಿನಾ ಪೆನ್ನನ್ನು ರವಿಕೆಯೊಳಗೆ ಸೇರಿಸಿ ಜಗಲಿಯ ಮೇಲೆ ಕೂತಳು. ಹಾಡುವ ದನಿ ಹೋಗಿ ಮಾತಿನ ದನಿ ಬಂತು. "ಕೇಳು ಮಗಳೇ. ಏನಂತೆ ನನ್ನ ಮೇಲೆ?"

"ನಿನ್ನೆ ನೀವು ಬೀದೀಲಿ ಹಾಡ್ತಾ ಹೋಗಿ ಟಗರನ್ನ ಕರ್ಕೊಂಡು ಹೋದ್ರಿ ಅಂತೆ."

"ನಾನು? ಟಗರಿಗೆ ಹಾಡ್ತೀನಾ?" ನಾಮಿನಾ ಎಷ್ಟು ಜೋರಾಗಿ ನಕ್ಕಳೆಂದರೆ ಗೋಡೆಯ ಮೇಲಿನ ಹಲ್ಲಿ ಜಾಗ ಬದಲಿಸಿತು. "ಟಗರು ನನಗೇನು ಕೊಡತ್ತೆ? ಹಾಜಿಯವರೇ ಕೊಡಲ್ಲ! ನಿನ್ನೆ ಅಸರ್ ಹೊತ್ತಿಗೆ ನಾನು ನದಿಯಾಚೆ ಮಗುವಿನ ನಾಮಕರಣದಲ್ಲಿದ್ದೆ. ಇನ್ನೂರು ಜನ ನೋಡಿದಾರೆ. ಇನ್ನೂರು ಜನಾನೂ ಕೊಟ್ಟಿದಾರೆ."

"ಕೆಮ್ಮು?" ಎಂದ ಸಿದಿಬೆ ಕ್ಷೀಣವಾಗಿ. "ನಿಮಗೆ ಕೆಮ್ಮು ಇದೆಯಾ?"

ನಾಮಿನಾ ನಗು ನಿಲ್ಲಿಸಿದಳು.

"ಹಾಡುವಾಗ ನಾನು ಜನ್ಮದಲ್ಲಿ ಒಂದೇ ಸಲ ಕೆಮ್ಮಿರೋದು," ಎಂದಳು. "ಇದೇ ಅಂಗಳ, ಈ ಹಾಜಿಯವರ ಮಗಳ ಮದುವೆ. ಆ ಕಡೆ ಮಾಂಸ ಸುಡ್ತಿದ್ರು, ಹೊಗೆ ನನ್ನ ಕಡೇನೇ ಬರ್ತಿತ್ತು. ಸರಿದು ನಿಲ್ಲೋಣ ಅಂದ್ರೆ ಒಬ್ಬ ಉದ್ದನೇ ಹುಡುಗ ನನ್ನ ಮೂಗಿನ ಹತ್ರ ಫೋನ್ ಹಿಡ್ಕೊಂಡು ನಿಂತಿದಾನೆ. 'ಅಲ್ಲಾಡ್ಬೇಡಿ ಅಮ್ಮ, ನನ್ನ ಹೆಂಡ್ತಿ ಇದನ್ನ ರಿಂಗ್‌ಟೋನ್ ಮಾಡ್ತಾಳೆ' ಅಂದ. ಅವನಿಗೋಸ್ಕರ ನಿಂತೆ. ಬರಿಗೈಲಿ ಅನ್ನೋಷ್ಟರಲ್ಲಿ ಕೆಮ್ಮು ಬಂತು."

"ಯಾರವನು?"

ನಾಮಿನಾ ಮಸ್ಸರಾನಳ ಕೈ ಹಿಡಿದುಕೊಂಡಳು. ಅಂಗಳಕ್ಕೆ ಉತ್ತರ ಸಿಕ್ಕಿತು.

"ಆ ಕೆಮ್ಮನ್ನ ನಾನೇ ಕತ್ತರಿಸಿ ತೆಗೆದೆ," ಎಂದಳು ಮಸ್ಸರಾನ್. "ಹಾಜಿಯವರ ಎದುರಿಗೇ. 'ನನ್ನ ಅಜ್ಜನ ಹೆಸರಲ್ಲಿ ಕೆಮ್ಮು ಇರಬಾರದು' ಅಂದ್ರು. ಕೆಮ್ಮು ಇರೋ ಮೂಲ ಹಾಡನ್ನ ನನ್ನ ಲ್ಯಾಪ್‌ಟಾಪ್‌ನಿಂದ ಅಳಿಸಿ ಹಾಕಿಸಿದ್ರು. ನೆನಪಿದೆಯಾ ಹಾಜಿಯವರೇ?"

"ಇದೆ," ಎಂದರು ಹಾಜಿ. ಒಲ್ಲದ ಮನಸ್ಸಿನಿಂದ.

"ಆಮೇಲೆ ಆ ಕೆಮ್ಮು ಉಳಿದಿದ್ದು ಒಂದೇ ಕಡೆ. ಸೆಕುಬಾನ ಫೋನಿನಲ್ಲಿ."

ಬೀದಿಯಲ್ಲಿ ಕೊರೊತುಮುವಿನ ಬಾಣಲೆ ಮತ್ತೆ ಚುಂಯ್‌ಗುಟ್ಟಿತು.

ಹದಿನಾಲ್ಕು ತಿಂಗಳಿನಿಂದ ಮಸ್ಸರಾನಳಿಗೆ ಯಾವುದೂ ಪೂರ್ತಿ ಕೇಳಿಸುತ್ತಿರಲಿಲ್ಲ, ಕಿವಿಗೆ ಹತ್ತಿ ಇಟ್ಟ ಹಾಗೆ. ಈಗ ಎಣ್ಣೆಯ ಸದ್ದು ಚೆನ್ನಾಗಿ ಕೇಳಿಸಿತು. ನದಿಯ ತಳದಲ್ಲಿರಬೇಕಾದ ಫೋನೊಂದು ನಿನ್ನೆ ಈ ಬೀದಿಯಲ್ಲಿ ಹಾಡುತ್ತ ನಡೆದು ಹೋಗಿದೆ.

"ಹಾಗಾದ್ರೆ ಇನ್ನೇನು!" ಹಾಜಿಯವರು ಚಪ್ಪಾಳೆ ತಟ್ಟಿದರು. "ಗಂಡನ ಫೋನು ಹೆಂಡ್ತಿ ಹತ್ರ ಇರದೆ ಇನ್ಯಾರ ಹತ್ರ ಇರತ್ತೆ? ಇನ್‌ಸ್ಪೆಕ್ಟರ್, ಇವಳ ಮನೆ ಹುಡುಕಿ!"

ಸಿದಿಬೆ ಅವಳ ಮುಖ ನೋಡಿದ. ಹಂಗಿಸುವ ಮಾತು ಅವನ ಬಾಯಿಗೆ ಬರಲಿಲ್ಲ. "ಬಲ್ಲೊ," ಎಂದ, "ಕಟ್ಟಳೆ ಪ್ರಕಾರ ನೀನು ನನಗೆ ಸುಳ್ಳು ಹೇಳೋ ಹಾಗಿಲ್ಲ. ಆ ಫೋನ್ ನಿನ್ನ ಹತ್ರ ಇದೆಯಾ?"

"ಇದ್ದಿದ್ರೆ ನಾನು ಈ ಹದಿನಾಲ್ಕು ತಿಂಗಳು ಹೀಗೆ ಇರ್ತಿದ್ನಾ, ಸಿದಿಬೆ?"

ಅವನು ತಲೆ ತಗ್ಗಿಸಿದ.

"ಅಣ್ಣ, ನಿನಗೆ ಬುದ್ಧಿ ಇದೆಯಾ?" ಲಸಿನೆ ಗೋಡೆ ಹಿಡಿದು ಎದ್ದ. ಅವನ ದನಿ ಏರಿದ್ದನ್ನು ಅಂಗಳದವರು ಕೇಳಿದ್ದು ಅದೇ ಮೊದಲು. "ಲಾರಿ ಮೇಲೆತ್ತಿದಾಗ ಬನಿ ದಡದಲ್ಲಿ ನಿಂತಿದ್ದೋನು ನಾನು. ಜೇಬು, ಸೀಟು, ಡಬ್ಬ, ಎಲ್ಲ ನನ್ನ ಕೈಯಾರೆ ಹುಡುಕಿದೆ. ಆ ಫೋನ್ ನೀರು ಪಾಲಾಯ್ತು. ಮುದುಕಿ ಎಣ್ಣೆ ಸದ್ದಿನಲ್ಲಿ ಏನು ಕೇಳಿದ್ಲೋ! ಒಂದು ಕೆಮ್ಮಿಗೋಸ್ಕರ ಈ ಹೆಣ್ಣಿನ ಮನೆ ಜಾಲಾಡ್ತೀರಾ? ನಾಚಿಕೆ ಆಗ್ಬೇಕು."

ಹಾಜಿಯವರು ಗೊಣಗಿಕೊಂಡು ಜಪಮಾಲೆ ತಿರುಗಿಸಿದರು. ಸಿದಿಬೆ, "ಸದ್ಯಕ್ಕೆ ಇಷ್ಟು ಸಾಕು," ಎಂದ. ನಾಮಿನಾ ಕೂಡ ಲಸಿನೆಯನ್ನು ಮೆಚ್ಚಿ ನೋಡಿದಳು. ಆದರೆ ಯಾಕೋ ಹೊಗಳಲಿಲ್ಲ.

ಮಸ್ಸರಾನ್ ಲ್ಯಾಪ್‌ಟಾಪ್ ಮುಚ್ಚಿದಳು. ಹಾಜಿಯವರ ಶುಕ್ರವಾರದ ಗಡುವು ಬದಲಾಗಿರಲಿಲ್ಲ. ನಾಳೆ ಜುಮ್ಮಾ ಹೊತ್ತಿಗೆ ಟಗರು ಬರದಿದ್ದರೆ ಗಿಡ್ಡ ಕಾಲಿನ ಮೇಜನ್ನು ಎಲ್ಲಿಗೆ ಹೊತ್ತುಕೊಂಡು ಹೋಗುವುದೆಂದು ಅವಳಿಗೆ ತಿಳಿಯಲಿಲ್ಲ.

ಲಸಿನೆ ಕುಂಟುತ್ತ ಬಾಗಿಲ ತನಕ ಜೊತೆಗೆ ಬಂದ.

"ಮನಸ್ಸಿಗೆ ಹಚ್ಕೋಬೇಡ ತಂಗಿ. ಅಣ್ಣ ಬಾಯಿ ಜೋರು, ಅಷ್ಟೆ. ನಾನು ರಾತ್ರಿಯೊಳಗೆ ಕುರಿ ಸಂತೇಲೆಲ್ಲ ವಿಚಾರಿಸ್ತೀನಿ. ಜನರಲ್ ಸುದ್ದಿ ಸಿಕ್ಕಿದ್ರೆ ಮೊದಲು ನಿನಗೇ ಹೇಳೋದು." ಹಣೆ ಉಜ್ಜಿಕೊಂಡ. "ನಿನ್ನ ನಂಬರು ನನ್ನ ಹಳೇ ಫೋನಿನ ಜೊತೆ ಹೋಯ್ತಲ್ಲ. ಈಗ ಬೇರೆ ಫೋನು, ಬೇರೆ ಸಿಮ್ಮು. ನಂಬರ್ ಹೇಳ್ತೀನಿ, ಒಂದು ಮಿಸ್ಡ್ ಕಾಲ್ ಕೊಟ್ಬಿಡು."

ಯಾರ ನಂಬರನ್ನೂ ಯಾರೂ ಆ ಊರಿನಲ್ಲಿ ಬರೆದುಕೊಳ್ಳುವುದಿಲ್ಲ. ಒಂದು ರಿಂಗು ಕೊಟ್ಟು ಕಟ್ ಮಾಡುತ್ತಾರೆ, ಕಾಸಿಲ್ಲದೆ ಕೆಲಸವಾಗುತ್ತದೆ. ನಮಸ್ಕಾರಕ್ಕೆ ನಮಸ್ಕಾರ ಹೇಳಿದಷ್ಟು ಸಹಜ. ಲಸಿನೆ ಅಂಕಿಗಳನ್ನು ಹೇಳುತ್ತ ಹೋದ. ಅವಳು ಒತ್ತುತ್ತ ಹೋದಳು, ಬೆರಳು ಹಸಿರು ಗುಂಡಿಯ ಮೇಲೆ, ಮರುಗಳಿಗೆಗೆ ಕೆಂಪು ಗುಂಡಿಗೆ ಸಿದ್ಧ.

ಲಸಿನೆಯ ನಿಲುವಂಗಿಯ ಎದೆಜೇಬಿನೊಳಗೆ ಬೆಳಕು ಮಿನುಗಿತು.

"ಎಲ್ರೂ ಸುಮ್ನಿರಿ!" ಎಂದಿತು ಜೇಬು, ನಗು ತುಂಬಿದ ಗಂಡು ದನಿಯಲ್ಲಿ. "ಮಸ್ಸಾ ಫೋನ್ ಮಾಡ್ತಿದಾಳೆ! ಬೇಗ ಎತ್ತಿ, ಇಲ್ದಿದ್ರೆ ಇವತ್ತು ಊಟ ಇಲ್ಲ!"

ಎಲ್ಲರೂ ಸುಮ್ಮನಾದರು. ಹಾಜಿಯವರ ಜಪಮಾಲೆ ನಿಂತಿತು. ಲಸಿನೆಯ ಕೈ ಜೇಬಿನ ಕಡೆ ಅರ್ಧ ಹೋಗಿ ಗಾಳಿಯಲ್ಲಿ ಉಳಿಯಿತು.

"ಎಲ್ರೂ ಸುಮ್ನಿರಿ!" ಎಂದ ಸೆಕುಬಾ ಇನ್ನೊಮ್ಮೆ. "ಮಸ್ಸಾ ಫೋನ್ ಮಾಡ್ತಿದಾಳೆ!"

ಮಸ್ಸರಾನ್ ಕಟ್ ಮಾಡಲಿಲ್ಲ.